ನಮ್ಮ ಸೀಮೆಯ ಊರುಗಾವಲು: ಅಂದು ಮತ್ತು ಇಂದು



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದರು. ಹಾಲಿನ ಲೆಕ್ಕ, ಮೇವು, ರಾಸುಗಳ ಕಾಯಿಲೆ, ಇವುಗಳನ್ನು ಬಲ್ಲವರು ಬರೆಯುತ್ತಾರೆ. ನಾವು ಊರುಗಾವಲಿನ ವಿಷಯ ಬರೆಯೋಣ ಎಂದುಕೊಂಡೆವು. ಡೈರಿಗೂ ಕಳ್ಳಕಾಕರಿಗೂ ಏನಪ್ಪಾ ಸಂಬಂಧ ಅಂತ ಕೆಲವರು ನಗಬಹುದು. ಸಂಬಂಧ ಇದೆ. ರಾತ್ರಿ ಕೊಟ್ಟಿಗೆಯಲ್ಲಿ ಕಟ್ಟಿದ ಹಸು ಬೆಳಗ್ಗೆಯೂ ಅಲ್ಲೇ ಇರುತ್ತದೆ ಎಂಬ ಧೈರ್ಯವಿದ್ದರೆ ತಾನೇ ಯಾರಾದರೂ ಸಾಲ ಮಾಡಿ ಹಸು ತರುವುದು? ಊರಲ್ಲಿ ನೆಮ್ಮದಿ ಇಲ್ಲದೆ ಯಾವ ಸಂಘವೂ ಇಪ್ಪತ್ತೈದು ವರ್ಷ ನಡೆಯುವುದಿಲ್ಲ.

ನಾವು ಓದಿದ್ದು ಎಸ್.ಎಸ್.ಎಲ್.ಸಿ. ಅಷ್ಟೇ. ತಪ್ಪಿದ್ದರೆ ಬಲ್ಲವರು ತಿದ್ದಬೇಕು.

ಕೋಟೆಯ ಕಾಲ

ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಕೋಟೆ ಕಂಡ ಊರುಗಳು. ಪಾಳೇಗಾರರು ಆಳಿದರು. 1687ರ ನಂತರ ಶಿರಾದಲ್ಲಿ ಮೊಗಲರ ಸುಬೇದಾರರು ಕುಳಿತರು. 1761ರಲ್ಲಿ ಹೈದರಾಲಿಯ ಕೈಗೆ ಬಂತು. 1791ರ ಯುದ್ಧದ ಹೊತ್ತಿಗೆ ಮರಾಠರ ದಂಡು ಈ ಸೀಮೆಯ ಮೇಲೆ ಹಾದುಹೋಯಿತು. 1800ರಲ್ಲಿ ಬುಕಾನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯ ಶಿರಾ, ಮಧುಗಿರಿ ಕಡೆ ಸುತ್ತಾಡಿದಾಗ, ದಂಡುಗಳ ಹಾವಳಿಯಿಂದ ಹಾಳಾದ ಹಳ್ಳಿಗಳ ವಿಷಯ ಬರೆದಿಟ್ಟಿದ್ದಾನೆ. ಊರ ಸುತ್ತ ಮಣ್ಣಿನ ಗೋಡೆ, ಮೂಲೆಗೊಂದು ಹುಡೇವು, ಸಂಜೆಯಾದರೆ ಊರಬಾಗಿಲು ಹಾಕುವುದು, ಇದೆಲ್ಲ ಶೋಕಿಗೆ ಮಾಡಿದ್ದಲ್ಲ. ಜೀವಭಯಕ್ಕೆ ಮಾಡಿದ್ದು.

1799ರ ನಂತರ ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ ಕಂದಾಚಾರದ ಜನ ಎಂದು ಇದ್ದರು. ಬಿಡುವಿದ್ದಾಗ ಬೇಸಾಯ, ಸರ್ಕಾರ ಕರೆದಾಗ ಕಾವಲು. ರೈತನೇ ಕಾವಲುಗಾರ, ಕಾವಲುಗಾರನೇ ರೈತ.

ತಳವಾರ, ತೋಟಿ

ನಮ್ಮ ಅಜ್ಜಂದಿರು ಕಂಡ ಕಾವಲು ಬೇರೆ. ಪಟೇಲ, ಶಾನುಭೋಗ, ನೀರಗಂಟಿ, ತಳವಾರ, ತೋಟಿ ಇವರೆಲ್ಲ ಊರಿನ ನೌಕರಿ ನಡೆಸುವವರು. ಮೈಸೂರು ಸಂಸ್ಥಾನ 1908ರಲ್ಲಿ ಗ್ರಾಮ ನೌಕರಿಗಳ ಬಗ್ಗೆ ಕಾಯ್ದೆಯನ್ನೇ ಮಾಡಿತ್ತು. ಊರಿಗೆ ಹೊಸಬ ಬಂದರೆ ತಳವಾರ ಪಟೇಲರಿಗೆ ತಿಳಿಸಬೇಕು. ರಾಸು ಕಳವಾದರೆ ಹೆಜ್ಜೆಜಾಡು ಹಿಡಿದು ಹೋಗಬೇಕು. ಪಕ್ಕದ ಊರಿನ ಎಲ್ಲೆಗೆ ಜಾಡು ಹೋಗಿ ನಿಂತರೆ ಆ ಊರಿನ ತಳವಾರ ಮುಂದಿನ ಜವಾಬ್ದಾರಿ ಹೊರಬೇಕು ಅಂತ ಹಿರಿಯರು ಹೇಳುತ್ತಿದ್ದರು.

ಆಗೆಲ್ಲ ಕಳ್ಳತನವೇ ಇರಲಿಲ್ಲ, ಬಾಗಿಲು ತೆಗೆದು ಮಲಗುತ್ತಿದ್ದೆವು ಎಂದು ಹಳಬರು ಹೇಳುವುದನ್ನು ನಾವೂ ಕೇಳಿದ್ದೇವೆ. ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ಇಡೀ ಊರಿನ ನಿದ್ದೆ ಕಾದ ತೋಟಿಗೆ ಊರೊಳಗೆ ಮನೆ ಇರಲಿಲ್ಲ. ಸುಗ್ಗಿಯಲ್ಲಿ ಕಣದ ಹತ್ತಿರ ನಿಂತು ಆಯ ಬೇಡಬೇಕಾಗಿತ್ತು. ಪಟೇಲರ ಚಾವಡಿಯಲ್ಲಿ ನ್ಯಾಯವೂ ಎಲ್ಲರಿಗೂ ಒಂದೇ ತಕ್ಕಡಿಯಲ್ಲಿ ತೂಗುತ್ತಿರಲಿಲ್ಲ. ಬಡವ ತೆಂಗಿನಕಾಯಿ ಕದ್ದರೆ ಕಂಬಕ್ಕೆ ಕಟ್ಟುವುದು, ಉಳ್ಳವರು ಎಲ್ಲೆಕಲ್ಲು ಜರುಗಿಸಿದರೆ ಎಲೆಅಡಿಕೆ ಹಾಕಿಕೊಂಡು ರಾಜಿ. ಹಳೆಯದೆಲ್ಲ ಚಿನ್ನ ಎಂದು ನಾವು ಬರೆದರೆ ಅದು ಸುಳ್ಳಾದೀತು.

ಅದೇ ಕಾಲದ ಇನ್ನೊಂದು ಪಾಪ. ಬ್ರಿಟಿಷರು 1871ರಲ್ಲಿ ಕೆಲವು ಅಲೆಮಾರಿ ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಎಂದು ಕಾಯ್ದೆ ಮಾಡಿ ಪಟ್ಟಿ ಬರೆದರು. ಸ್ವತಂತ್ರ ಭಾರತ 1952ರಲ್ಲಿ ಅದನ್ನು ತೆಗೆದುಹಾಕಿತು. ಕಾಯ್ದೆ ಹೋಯಿತು, ಗುಮಾನಿ ಹೋಗಲಿಲ್ಲ. ಗುಡಾರ ಹಾಕಿಕೊಂಡವರನ್ನು ಕಂಡರೆ ಇವತ್ತಿಗೂ ನಮ್ಮ ಕಣ್ಣು ಕೊಟ್ಟಿಗೆ ಕಡೆ ಹೋಗುತ್ತದೆ.

ದಳಪತಿಗಳು ಬಂದರು

1961ರ ಗ್ರಾಮ ನೌಕರಿ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ, ತಳವಾರಿಕೆ ಎಲ್ಲ ಮುಗಿಯಿತು. ಆಗಬೇಕಾದದ್ದೇ ಆಯಿತು. ಆದರೆ ರಾತ್ರಿ ಕಾಯುವವರು ಯಾರು ಎಂಬ ಪ್ರಶ್ನೆ ಉಳಿಯಿತು. ಠಾಣೆ ಎಲ್ಲೋ ಹತ್ತಾರು ಮೈಲಿ ದೂರ.

ಇದಕ್ಕೆ ಉತ್ತರ ಎಂಬಂತೆ 1964ರಲ್ಲಿ ಗ್ರಾಮ ರಕ್ಷಣಾ ದಳಗಳ ಕಾಯ್ದೆ ಬಂತು. ಊರಿನವರೇ ಸ್ವಯಂಸೇವಕರಾಗಿ ದಳದಲ್ಲಿ ಸೇರುವುದು, ದಳಕ್ಕೊಬ್ಬ ದಳಪತಿ, ಮೇಲ್ವಿಚಾರಣೆ ಜಿಲ್ಲೆಯ ಪೊಲೀಸ್ ಅಧಿಕಾರಿಗಳದ್ದು. ಗಸ್ತು ತಿರುಗುವುದು, ಆಸ್ತಿಪಾಸ್ತಿ ಕಾಯುವುದು, ಪೊಲೀಸರಿಗೆ ನೆರವಾಗುವುದು ಇವರ ಕೆಲಸ. ಜಾತಿಯ ಕಸುಬಾಗಿದ್ದ ಕಾವಲು ಕಾಗದದ ಮೇಲಾದರೂ ಎಲ್ಲರ ಕೆಲಸವಾಯಿತು. ಇದು ಸಣ್ಣ ಬದಲಾವಣೆ ಅಲ್ಲ. ಬರಬರುತ್ತಾ ಬಹಳ ಊರುಗಳಲ್ಲಿ ದಳ ಹೆಸರಿಗೆ ಉಳಿಯಿತು. ದಳಪತಿ ಎಂದರೆ ಜಾತ್ರೆಯಲ್ಲಿ ಕೋಲು ಹಿಡಿದು ನಿಲ್ಲುವವರು ಎಂದಷ್ಟೇ ಆಯಿತು.

ಸಾರಾಯಿಯ ದಿನಗಳು

ನಮ್ಮ ಸಂಘ ಶುರುವಾದ ಹೊಸದರಲ್ಲಿ ಊರಿಗೆ ಕಳ್ಳರಿಗಿಂತ ದೊಡ್ಡ ಕಾಟ ಪ್ಯಾಕೆಟ್ ಸಾರಾಯಿಯದ್ದು. ಬಟವಾಡೆ ದಿನ ಡೈರಿಯಲ್ಲಿ ದುಡ್ಡು ಎಣಿಸಿಕೊಂಡವರು ಮನೆಗೆ ಹೋಗುತ್ತಿರಲಿಲ್ಲ. ಹಾಲು ಕರೆದವಳು ಹೆಂಗಸು, ಸಗಣಿ ಬಾಚಿದವಳು ಹೆಂಗಸು, ದುಡ್ಡು ಮಾತ್ರ ಅಂಗಡಿಗೆ. ಸಂಜೆಗೆ ಜಗಳ, ಹುಣಸೆಮರದ ಕೆಳಗೆ ಇಸ್ಪೀಟು, ಓಸಿ ಚೀಟಿ. ಪಾವಗಡಕ್ಕೆ ಮೂರು ಕಡೆ ಆಂಧ್ರದ ಗಡಿ. ಕೋಳಿ ಪಂದ್ಯದವರಿಗೆ, ಜೂಜಿನವರಿಗೆ ಈ ಕಡೆ ಪೊಲೀಸರು ಬಂದರೆ ಆ ಕಡೆ ಹಾರುವುದು ಸುಲಭ.

ಗಡಿಯಾಚೆ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಣ್ಣುಮಕ್ಕಳು 1992ರ ಸುಮಾರಿಗೆ ಸಾರಾಯಿ ಬೇಡ ಎಂದು ಎದ್ದು ನಿಂತದ್ದು ನಮ್ಮ ಕಡೆಯೂ ಬಾಯಿಂದ ಬಾಯಿಗೆ ಬಂದಿತ್ತು. ನಮ್ಮ ರಾಜ್ಯದಲ್ಲಿ 2000ನೇ ಇಸವಿಯಲ್ಲಿ ಸ್ತ್ರೀಶಕ್ತಿ ಸಂಘಗಳು ಶುರುವಾದವು. ಒಂದು ದಿನ ನಮ್ಮೂರಿನ ಸಂಘದ ಹೆಣ್ಣುಮಕ್ಕಳು ಆಡಳಿತ ಮಂಡಳಿಯ ಸಭೆಗೇ ಬಂದು ಕೂತರು. ಒಬ್ಬ ಅಜ್ಜಿ ಹೇಳಿದ ಮಾತು ನೆನಪಿದೆ: "ಕಳ್ಳನ್ನ ಆಮೇಲೆ ಹಿಡೀರಪ್ಪ, ಮೊದ್ಲು ನಮ್ಮನೆ ಹಾಲಿನ ದುಡ್ಡು ನಮ್ಮನೆಗೆ ಬರೋ ಹಂಗೆ ಮಾಡ್ರಿ." ಅವತ್ತೇ ಠರಾವಾಯಿತು. ಹಾಲು ಹಾಕುವ ಹೆಂಗಸಿನ ಹೆಸರಿಗೇ ಸದಸ್ಯತ್ವ, ಬಟವಾಡೆ ಅವರ ಕೈಗೇ. ಬೈದವರು ಉಂಟು, ಬೇರೆ ಕಡೆ ಹಾಲು ಹಾಕುತ್ತೇವೆ ಎಂದವರೂ ಉಂಟು. ಆರು ತಿಂಗಳಲ್ಲಿ ಬಟವಾಡೆ ದಿನದ ಜಗಳ ಕಡಿಮೆಯಾಯಿತು. ಲಾಠಿ ಇಲ್ಲ, ಕೇಸಿಲ್ಲ. ಒಂದು ಠರಾವು ಮಾಡಿದ ಕೆಲಸ ಅದು.

2007ರಲ್ಲಿ ರಾಜ್ಯದಲ್ಲಿ ಲಾಟರಿ ನಿಂತಿತು. ಅದೇ ವರ್ಷ ಜುಲೈ 1ರಿಂದ ಸಾರಾಯಿಯೂ ಬಂದ್ ಆಯಿತು. ಆಮೇಲೆ ಚಿಲ್ಲರೆ ಅಂಗಡಿಗಳಲ್ಲಿ ಕದ್ದು ಮದ್ಯ ಮಾರುವ ರೋಗ ಹತ್ತಿಕೊಂಡಿತು. ಅದು ಇವತ್ತಿಗೂ ಪೂರ್ತಿ ಹೋಗಿಲ್ಲ.

ಮಾತು ನಿಂತ ಕಾಲ

2005ರ ಫೆಬ್ರವರಿಯಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸ್ ಶಿಬಿರದ ಮೇಲೆ ನಕ್ಸಲರು ರಾತ್ರಿ ದಾಳಿ ಮಾಡಿದ್ದನ್ನು ನಮ್ಮ ಸೀಮೆಯವರು ಮರೆಯುವಂತಿಲ್ಲ. ಹಲವು ಪೊಲೀಸರು ಪ್ರಾಣ ಬಿಟ್ಟರು. ಅವರೂ ನಮ್ಮಂಥ ಹಳ್ಳಿ ಮನೆಗಳ ಮಕ್ಕಳೇ. ಆಮೇಲೆ ಬಹಳ ದಿನ ಯಾರೂ ಯಾರ ಹತ್ತಿರವೂ ಬಾಯಿ ಬಿಡುತ್ತಿರಲಿಲ್ಲ. ಪೊಲೀಸರೊಂದಿಗೆ ಮಾತಾಡಿದರೆ ಒಂದು ಭಯ, ಮಾತಾಡದಿದ್ದರೆ ಇನ್ನೊಂದು ಭಯ. ಊರಿಗೂ ಠಾಣೆಗೂ ಮಾತು ನಿಂತರೆ ಲಾಭ ಆಗುವುದು ಕೆಟ್ಟವರಿಗೇ ಎಂಬುದು ಆಗ ನಮಗೆ ಅರ್ಥವಾಯಿತು.

ಈ ಮಾತು ಮತ್ತೆ ಶುರುವಾಗಲು ಬೀಟ್ ವ್ಯವಸ್ಥೆ ಸಹಾಯ ಮಾಡಿತು. 2017ರಲ್ಲಿ ರಾಜ್ಯದ ಪೊಲೀಸ್ ಇಲಾಖೆ ಹಳೆಯ ಬೀಟ್ ಪದ್ಧತಿಯನ್ನು ಹೊಸದಾಗಿ ಕಟ್ಟಿತು. ಒಬ್ಬೊಬ್ಬ ಪೊಲೀಸಿಗೆ ಇಂತಿಷ್ಟು ಹಳ್ಳಿ, ಆ ಹಳ್ಳಿಗಳ ಜನರನ್ನೇ ಸೇರಿಸಿ ನಾಗರಿಕರ ಸಮಿತಿ, ಆಗಾಗ ಸಭೆ. ಮಿಡಿಗೇಶಿ, ಕೊಡಿಗೇನಹಳ್ಳಿ, ಕಳ್ಳಂಬೆಳ್ಳ, ಪಟ್ಟನಾಯಕನಹಳ್ಳಿ, ಕೊಳಾಲ, ತಿರುಮಣಿ, ವೈ.ಎನ್. ಹೊಸಕೋಟೆ ಹೀಗೆ ನಾಲ್ಕೂ ತಾಲ್ಲೂಕುಗಳ ಹೋಬಳಿ ಮಟ್ಟದ ಠಾಣೆಗಳಿಗೆ ಇದು ಬೇಕೇ ಆಗಿತ್ತು. ತಮಿಳುನಾಡಿನಲ್ಲಿ 1993ರಲ್ಲೇ ಪೊಲೀಸ್ ಮಿತ್ರರು ಎಂಬ ಯೋಜನೆ ರಾಮನಾಥಪುರ ಜಿಲ್ಲೆಯಲ್ಲಿ ಶುರುವಾಗಿತ್ತು. ಮಹಾರಾಷ್ಟ್ರ 2007ರಲ್ಲಿ ತಂಟೆಮುಕ್ತ ಗ್ರಾಮ ಅಭಿಯಾನ ಮಾಡಿತು. ಕೇರಳ 2008ರಲ್ಲಿ ಜನಮೈತ್ರಿ ಎಂದು ಮಾಡಿತು.

ನಮ್ಮಿಂದ ಆದ ತಪ್ಪು

ಈಗ ಬರೆಯುವುದು ಬರೆಯಲು ಮನಸ್ಸಿಲ್ಲದ ವಿಷಯ. ಆದರೂ ಸ್ಮರಣ ಸಂಚಿಕೆ ಅಂದಮೇಲೆ ಹಾರ ಹಾಕಿಸಿಕೊಂಡದ್ದನ್ನು ಮಾತ್ರ ಸ್ಮರಿಸಿದರೆ ಸಾಲದು.

2018ರ ಮೇ ತಿಂಗಳು. ಮಕ್ಕಳ ಕಳ್ಳರು ಬಂದಿದ್ದಾರೆ ಎಂದು ಎಲ್ಲರ ಮೊಬೈಲಿಗೂ ವಾಟ್ಸಾಪಿನಲ್ಲಿ ಸುದ್ದಿ. ನಾವೂ ಪಾಳಿ ಮೇಲೆ ಗಸ್ತು ಶುರು ಮಾಡಿದೆವು. ಮನೆಗೊಬ್ಬರು, ಕೈಯಲ್ಲಿ ದೊಣ್ಣೆ, ಬ್ಯಾಟರಿ. ಒಂದು ಮಧ್ಯಾಹ್ನ ಗ್ಯಾಸ್ ಸ್ಟೌ ರಿಪೇರಿ ಮಾಡುವ ಹಿಂದಿ ಮಾತಿನವನೊಬ್ಬ ಊರಿಗೆ ಬಂದ. ಶಾಲೆಯ ಹತ್ತಿರ ಮಕ್ಕಳನ್ನು ಏನೋ ಕೇಳಿದ. ದಾರಿ ಕೇಳಿದ್ದು ಅಂತ ಆಮೇಲೆ ಗೊತ್ತಾಯಿತು. ಅಷ್ಟಕ್ಕೇ ಹಿಡಿದು ಡೈರಿ ಮುಂದಿನ ಲೈಟ್ ಕಂಬಕ್ಕೆ ಕಟ್ಟಿದರು. ಕಟ್ಟಿದರು ಏನು, ಕಟ್ಟಿದೆವು. ನಾವೂ ಅಲ್ಲೇ ಇದ್ದೆವು. ಏಟುಗಳೂ ಬಿದ್ದವು. ಯಾರು ಮೊದಲು ಹೊಡೆದರು ಎಂದು ಇವತ್ತಿಗೂ ಯಾರೂ ಹೇಳುವುದಿಲ್ಲ.

ಆ ಮನುಷ್ಯ ಉಳಿದದ್ದು ಇಬ್ಬರಿಂದ. ಬಟವಾಡೆ ವಿಷಯಕ್ಕೆ ಸಭೆಗೆ ಬಂದಿದ್ದ ಅದೇ ಅಜ್ಜಿ ಗುಂಪಿನೊಳಗೆ ನುಗ್ಗಿ ಅವನಿಗೆ ನೀರು ಕುಡಿಸಿ ಅಡ್ಡ ನಿಂತಿತು. ನಮ್ಮ ಕಾರ್ಯದರ್ಶಿಯವರು ಡೈರಿ ಒಳಗಿನಿಂದ ಬೀಟ್ ಪೊಲೀಸಿಗೆ ಫೋನ್ ಮಾಡಿದರು. ನಂಬರು ಗೋಡೆಯ ಮೇಲೆ ಬರೆದಿತ್ತು. ಪೊಲೀಸರು ಬಂದು ಬಿಡಿಸಿಕೊಂಡು ಹೋದರು. ಅವನ ಚೀಲದಲ್ಲಿ ಸ್ಪಾನರು, ಬರ್ನರು, ಅವನದೇ ಇಬ್ಬರು ಮಕ್ಕಳ ಫೋಟೋ ಇತ್ತು.

ಅದೇ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಇದೇ ಗುಮಾನಿಗೆ ರಾಜಸ್ಥಾನದ ಯುವಕನೊಬ್ಬ ಹೊಡೆತ ತಿಂದು ಸತ್ತ. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ತಪ್ಪಾಗಿ ಹೈದರಾಬಾದಿನ ಎಂಜಿನಿಯರೊಬ್ಬರನ್ನು ಜನ ಕೊಂದರು. ಪೇಪರಿನಲ್ಲಿ ಓದಿದಾಗ ನಮ್ಮ ಕೈಕಾಲು ತಣ್ಣಗಾಯಿತು. ಆ ಅಜ್ಜಿ ಅವತ್ತು ಹೊಲಕ್ಕೆ ಹೋಗಿದ್ದಿದ್ದರೆ ನಮ್ಮೂರಿನ ಹೆಸರೂ ಅದೇ ಪೇಪರಿನಲ್ಲಿ ಇರುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ನಮಗೇ ತಿರುಗಿತ್ತು.

ಮಾಡಿಕೊಂಡ ಕಟ್ಟಳೆ

ಮುಂದಿನ ವಾರ ಡೈರಿಯಲ್ಲೇ ಸಭೆ. ಬೀಟ್ ಪೊಲೀಸರು, ಪಂಚಾಯ್ತಿ ಸದಸ್ಯರು, ಶಾಲೆಯ ಮೇಷ್ಟ್ರು, ಸ್ತ್ರೀಶಕ್ತಿ ಸಂಘದವರು, ಎಲ್ಲ ಕೇರಿಯವರು ಬಂದರು. ಗಸ್ತು ನಿಲ್ಲಿಸುವುದು ಬೇಡ, ಆದರೆ ನಾಲ್ಕು ಕಟ್ಟಳೆ ಇರಲಿ ಎಂದು ತೀರ್ಮಾನವಾಯಿತು. ಒಂದು, ಗಸ್ತಿಗೆ ದೊಣ್ಣೆ ಬೇಡ, ಬ್ಯಾಟರಿ ಮತ್ತು ವಿಷಲ್ ಸಾಕು. ಎರಡು, ಹೊಸ ಗಾಡಿ, ಹೊಸ ಮುಖ ಕಂಡರೆ ನಂಬರು, ಹೊತ್ತು ಪುಸ್ತಕದಲ್ಲಿ ಬರೆಯುವುದು, ಠಾಣೆಗೆ ಹೇಳುವುದು. ಮೂರು, ಯಾರ ಮೇಲೂ ಕೈ ಮಾಡುವಂತಿಲ್ಲ. ನಾಲ್ಕು, ಪಾಳಿಯಲ್ಲಿ ಎಲ್ಲ ಕೇರಿಯವರೂ ಇರಬೇಕು, ಒಂದೇ ಜಾತಿಯವರ ದಂಡಾಗಬಾರದು.

ಕಾನೂನು ಹೇಳುವುದೂ ಇದನ್ನೇ. ಕಣ್ಣೆದುರು ದೊಡ್ಡ ಅಪರಾಧ ಮಾಡಿದವನನ್ನು ಸಾಮಾನ್ಯ ಜನರೂ ಹಿಡಿಯಬಹುದು, ಆದರೆ ತಡಮಾಡದೆ ಪೊಲೀಸರಿಗೆ ಒಪ್ಪಿಸಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದಕ್ಕೆ ಆರು ಗಂಟೆಯ ಗಡುವಿದೆ. ಅದರ ಜೊತೆಗೇ ಬಂದ ನ್ಯಾಯ ಸಂಹಿತೆಯಲ್ಲಿ, ಐದು ಅಥವಾ ಹೆಚ್ಚು ಜನ ಗುಂಪು ಸೇರಿ ಜಾತಿ, ಭಾಷೆ, ಹುಟ್ಟಿದ ಊರು ಮುಂತಾದ ಕಾರಣಕ್ಕೆ ಒಬ್ಬರನ್ನು ಕೊಂದರೆ ಮರಣದಂಡನೆ ಇಲ್ಲವೇ ಜೀವಾವಧಿ ಶಿಕ್ಷೆ. ಗುಂಪಿನಲ್ಲಿದ್ದೆ, ಹೊಡೆಯಲಿಲ್ಲ ಅಂದರೆ ನಡೆಯುವುದಿಲ್ಲ ಎಂಬುದನ್ನು ನಮ್ಮ ಹುಡುಗರು ತಿಳಿಯಬೇಕು.

ಆ ಪುಸ್ತಕದಿಂದ ಉಪಯೋಗವೂ ಆಗಿದೆ. ಪಂಪ್‌ಸೆಟ್ ಕೇಬಲ್ ಕಳವಾದಾಗ, ರೊಪ್ಪದಿಂದ ಕುರಿ ಹೋದಾಗ ಪುಸ್ತಕದಲ್ಲಿದ್ದ ಗಾಡಿ ನಂಬರು ಪೊಲೀಸರಿಗೆ ನೆರವಾಗಿದೆ. ಎಲ್ಲ ಕಳವೂ ಸಿಕ್ಕಿತು ಎಂದು ನಾವು ಜಂಬ ಕೊಚ್ಚುವುದಿಲ್ಲ.

ಮುಂದೆ

ಇನ್ನೂ ಎರಡು ಕೆಲಸ ಬಾಕಿ ಇವೆ. ಮೊದಲನೆಯದು ಕಷ್ಟದ್ದು. ಹೊರಗಿನ ಕಳ್ಳನನ್ನು ಗುರುತಿಸುವುದು ಸುಲಭ, ಒಳಗಿನವನನ್ನು ಹೆಸರು ಹಿಡಿದು ಹೇಳುವುದು ಕಷ್ಟ. ಕೊರಟಗೆರೆ, ಮಧುಗಿರಿ ತಾಲ್ಲೂಕುಗಳಲ್ಲಿ ಹರಿಯುವ ಜಯಮಂಗಲಿಯ ಮರಳು ರಾತ್ರೋರಾತ್ರಿ ಹೋದದ್ದು ಯಾರ ಟ್ರಾಕ್ಟರಿನಲ್ಲಿ? ಬಾವಿ ಬತ್ತಿದ್ದು ಯಾರದ್ದು? ಎರಡೂ ನಮ್ಮವೇ. ಗಸ್ತಿನ ಪುಸ್ತಕದಲ್ಲಿ ಆ ನಂಬರುಗಳನ್ನೂ ಬರೆಯುವ ಧೈರ್ಯ ನಮಗೆ ಬರಬೇಕು.

ಎರಡನೆಯದು, ಈಗಿನ ಕಳ್ಳ ಗೋಡೆ ಹಾರುವುದಿಲ್ಲ, ಫೋನ್ ಮಾಡುತ್ತಾನೆ. ಹಾಲಿನ ದುಡ್ಡು ಬ್ಯಾಂಕ್ ಖಾತೆಗೆ ಬರುತ್ತಿರುವಾಗ ಒ.ಟಿ.ಪಿ. ಕೇಳಿ ದೋಚುವವರಿದ್ದಾರೆ. ಯಾರಿಗೂ ಹೇಳಬೇಡಿ. ಮೋಸ ಹೋದರೆ ನಾಚಿಕೆಪಡದೆ ತಕ್ಷಣ 1930ಕ್ಕೆ ಕರೆ ಮಾಡಿ. ಬೇರೆ ಯಾವ ಆಪತ್ತಿಗೂ 112 ಇದೆ.

ಸಹಕಾರ ಎಂದರೆ ಹಾಲು ಅಳೆಯುವುದು ಮಾತ್ರವಲ್ಲ. ಹಿಂದೆ ಒಬ್ಬ ತೋಟಿಯ ಹೆಗಲ ಮೇಲೆ ಹೊರಿಸಿದ್ದ ಕಾವಲನ್ನು ಇವತ್ತು ಎಲ್ಲ ಕೇರಿಯವರೂ ಪಾಳಿ ಮೇಲೆ ಹೊರುತ್ತಿದ್ದೇವೆ. ಆ ಕಾವಲು ಊರಿನವರಿಗೆ ಎಷ್ಟೋ ಊರಿಗೆ ಬಂದ ಪರಸ್ಥಳದವನಿಗೂ ಅಷ್ಟೇ ಸಿಗಬೇಕು. ಡೈರಿ ಮುಂದಿನ ಆ ಲೈಟ್ ಕಂಬ ಈಗಲೂ ಅಲ್ಲೇ ಇದೆ. ದಿನಾ ಎರಡು ಹೊತ್ತು ಕ್ಯಾನು ಹಿಡಿದು ಅದರ ಪಕ್ಕದಲ್ಲೇ ಸಾಲು ನಿಲ್ಲುತ್ತೇವೆ. ಆ ಅಜ್ಜಿ ಈಗಿಲ್ಲ. ಈ ಬರಹವನ್ನು ಅವರ ನೆನಪಿಗೆ ಅರ್ಪಿಸಿದ್ದೇವೆ.

ಜೈ ಸಹಕಾರ.