ಕೆರೆಯ ಗುಳ್ಳೆಯೂ ಗಾಳಿಯ ಲೆಕ್ಕವೂ

ಕೆರೆಯ ಕೆಸರನ್ನು ಕೋಲಿನಿಂದ ಕಲಕಿದರೆ ಗುಳ್ಳೆಗಳೇಳುವುದು ಹಳ್ಳಿಯವರೆಲ್ಲರೂ ಕಂಡ ವಿಷಯವೇ. ಆ ಗುಳ್ಳೆಯಲ್ಲಿ ಉರಿಯುವ ಅನಿಲವಿರುವುದೆಂದು 1776ರಲ್ಲಿ ಇಟಲಿಯ ವೋಲ್ಟಾ ಎಂಬ ವಿಜ್ಞಾನಿಯು ಮಾಜ್ಜೋರೆ ಸರೋವರದ ಜವುಗಿನಲ್ಲಿ ಪರೀಕ್ಷಿಸಿ ತೋರಿಸಿದನು. ಇದೇ ಮೀಥೇನ್. ಇದು ಇಡೀ ವಾಯುಮಂಡಲದಲ್ಲಿ ಬೆರೆತಿರುವುದೆಂದು ತಿಳಿಯಲು ಮತ್ತೆ 172 ವರ್ಷಗಳು ಬೇಕಾದವು. 1948ರಲ್ಲಿ ಬೆಲ್ಜಿಯಂ ದೇಶದ ಮಿಜೋಟ್ ಎಂಬವನು ಸೂರ್ಯನ ಅವಕೆಂಪು ಕಿರಣಗಳ ವರ್ಣಪಟಲದಲ್ಲಿ ಅದರ ಗುರುತನ್ನು ಕಂಡನು.

ಧ್ರುವಪ್ರದೇಶದ ಹಿಮದಲ್ಲಿ ಸೆರೆಸಿಕ್ಕಿದ ಪ್ರಾಚೀನ ಗಾಳಿಯನ್ನು ಪರೀಕ್ಷಿಸಲಾಗಿ, ಯಂತ್ರಯುಗಕ್ಕೆ ಮುನ್ನ ನೂರು ಕೋಟಿ ಪಾಲು ಗಾಳಿಯಲ್ಲಿ ಮೀಥೇನ್ ಸುಮಾರು 700 ಪಾಲು ಇದ್ದುದು ಗೊತ್ತಾಯಿತು. ಇಂದು ಅದು 1,900ನ್ನು ಮೀರಿದೆ. ಭೂಮಿಯ ತಾಪವನ್ನು ಹೆಚ್ಚಿಸುವ ಈ ಅನಿಲಕ್ಕೆ ಹೊಣೆ ಯಾರೆಂಬ ವಿವಾದವು ಆಗ ಹುಟ್ಟಿಕೊಂಡಿತು.

ಭಾರತದ ಬತ್ತದ ಗದ್ದೆಗಳಿಂದ ವರ್ಷಕ್ಕೆ ಸುಮಾರು 3 ಕೋಟಿ 70 ಲಕ್ಷ ಟನ್ ಮೀಥೇನ್ ಏಳುವುದೆಂದು ಅಮೆರಿಕೆಯಲ್ಲಿ ಲೆಕ್ಕಹಾಕಿದ್ದರು. ಪರದೇಶದ ಗದ್ದೆಗಳ ಅಳತೆಯನ್ನೇ ಇಲ್ಲಿಗೂ ಹೊಂದಿಸಿದುದು ಈ ಲೆಕ್ಕದ ದೋಷವಾಗಿದ್ದಿತು. 1991ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ. ಪಿ. ಮಿತ್ರ ಅವರ ನೇತೃತ್ವದಲ್ಲಿ ದೇಶದ ನಾನಾ ಭಾಗಗಳ ಗದ್ದೆಗಳಲ್ಲಿಯೇ ಅಳತೆ ನಡೆಯಿತು. ಪೈರಿನ ಮೇಲೆ ಪಾರದರ್ಶಕ ಪೆಟ್ಟಿಗೆಯನ್ನು ಕವಿಸಿ, ಅದರಲ್ಲಿ ಕೂಡಿದ ಗಾಳಿಯನ್ನು ಪಿಚಕಾರಿಯಿಂದ ತೆಗೆದು ಪರೀಕ್ಷಿಸಿದರು. ಸಿಕ್ಕಿದ ಮೊತ್ತವು ಸುಮಾರು 40 ಲಕ್ಷ ಟನ್ ಮಾತ್ರ! ಮಳೆಯನ್ನು ನಂಬಿದ ಗದ್ದೆಗಳಲ್ಲಿ ನೀರು ಸದಾ ನಿಲ್ಲದು. ನೆಲ ಆರಿದಾಗ ಮೀಥೇನ್ ಹುಟ್ಟುವುದು ತಗ್ಗುವುದು. ಹೀಗೆ ರೈತನ ತಲೆಗೆ ಕಟ್ಟಿದ್ದ ಅಪವಾದದ ಬಹುಭಾಗವು ಅಳತೆಯಿಂದಲೇ ನೀಗಿತು.

ಕಲುಷಿತವಾದ ಗಾಳಿಯನ್ನು ಅರಿಯಲು ನಿರ್ಮಲವಾದ ಗಾಳಿಯೂ ತಿಳಿದಿರಬೇಕಷ್ಟೆ. ಕಾರವಾರಕ್ಕೆ ಉತ್ತರದಲ್ಲಿ, ಗೋವೆಯ ಕಾಬೊ ದ ರಾಮ ಭೂಶಿರದಲ್ಲಿ 1993ರಿಂದ ಗಾಳಿಯನ್ನು ಬುರುಡೆಗಳಲ್ಲಿ ತುಂಬಿ ಆಸ್ಟ್ರೇಲಿಯಕ್ಕೆ ಕಳುಹಿಸಿ ಅಳೆಯಿಸಿದರು. ಮುಂಗಾರಿನಲ್ಲಿ ಸಮುದ್ರದ ಗಾಳಿ ಬೀಸುವಾಗ ಮೀಥೇನ್ ಕಡಮೆ. ಚಳಿಗಾಲದಲ್ಲಿ ನಾಡಿನ ಕಡೆಯಿಂದ ಗಾಳಿ ಬರುವಾಗ ಹೆಚ್ಚು.

ಬೆಂಗಳೂರಿಗೂ ಈ ವಿಷಯವು ದೂರದ್ದಲ್ಲ. ಚರಂಡಿಯ ನೀರು ತುಂಬಿದ ಬೆಳ್ಳಂದೂರು ಕೆರೆಯು 2017ರ ಫೆಬ್ರವರಿಯಲ್ಲಿಯೂ 2018ರ ಜನವರಿಯಲ್ಲಿಯೂ ಹೊತ್ತಿ ಉರಿಯಿತು. ಹೂಳಿನಿಂದೇಳುವ ಮೀಥೇನ್ ಇದಕ್ಕೆ ಕಾರಣವೆಂದು ಕೆಲವರೂ, ಒಣಗಿದ ಕಳೆಯೂ ಕಸವೂ ಕಾರಣವೆಂದು ಕೆಲವರೂ ಹೇಳಿದರು.

ಕನಕಪುರದ ರಸ್ತೆಯಲ್ಲಿರುವ ತಲಘಟ್ಟಪುರಕ್ಕೆ 2021ರಲ್ಲಿ ಮೆಟ್ರೊ ರೈಲು ಬಂದಿತು, ನಗರವೂ ಬಂದಿತು. ಸಮೀಪದಲ್ಲಿಯೇ ತುರಹಳ್ಳಿಯ ಕಾಡು ಉಳಿದಿದೆ. ಊರಿಗೆ ಕೆರೆಯೂ ಉಂಟು. ಕಾಡು, ಕೆರೆ, ರಸ್ತೆಗಳು ಒಂದೆಡೆ ಕೂಡಿರುವ ಇಂತಹ ಊರಿನ ಗಾಳಿಗೆ ಪರಸ್ಥಳದ ಸಂಖ್ಯೆಯನ್ನು ಅಂಟಿಸಿದರೆ ಸಲ್ಲದು. ಗದ್ದೆಯ ವಿಷಯದಲ್ಲಿ 1991ರ ಪಾಠವು ಅದೇ: ಆಯಾ ನೆಲದಲ್ಲಿ, ಆಯಾ ಋತುವಿನಲ್ಲಿ ಅಳೆದುದೇ ಪ್ರಮಾಣ.