ಮುದ್ದೆಯ ಸೀಮೆಯಲ್ಲಿ ಗೋಧಿಯ ರಕ್ತಪರೀಕ್ಷೆ

ಹಾಲುರಾಮೇಶ್ವರದ ಸುತ್ತ, ಹೊಸದುರ್ಗದ ಸೀಮೆ ರಾಗಿ, ಸಾವೆಯ ನೆಲ. ಗೋಧಿ ಇಲ್ಲಿ ಹಬ್ಬದ ಹೋಳಿಗೆಗೋ ಶಾವಿಗೆಗೋ ಬರುತ್ತಿತ್ತು. ಈಗ ಬೆಳಗಿನ ಉಪ್ಪಿಟ್ಟಿಗೂ ಅದೇ, ಮಕ್ಕಳ ಬಿಸ್ಕತ್ತಿಗೂ ಅದೇ, ರಾತ್ರಿಯ ಚಪಾತಿಗೂ ಅದೇ. ಹಾಗಾಗಿ ಸೀಲಿಯಾಕ್ ಕಾಯಿಲೆಯ ಮಾತು ನಮಗೂ ಬೇಕಾಗಿದೆ. ಗೋಧಿಯಲ್ಲಿರುವ ಗ್ಲುಟೆನ್ ಕೆಲವರ ಸಣ್ಣ ಕರುಳಿನ ಒಳಪದರವನ್ನು ಸವೆಸುತ್ತದೆ. ಭೇದಿ, ಎಷ್ಟು ಮಾತ್ರೆ ನುಂಗಿದರೂ ಏರದ ರಕ್ತ, ಬೆಳೆಯದ ಮಗು ಅದರ ಗುರುತುಗಳು.

ಗೋಧಿಯೇ ಕಾರಣವೆಂದು 1950ರ ಪ್ರಬಂಧದಲ್ಲಿ ತೋರಿಸಿದವರು ಡಚ್ ಮಕ್ಕಳ ವೈದ್ಯ ವಿಲೆಮ್ ಡಿಕೆ. ಆದರೂ ಕಾಯಿಲೆ ಖಚಿತವಾಗಲು ನಳಿಕೆ ನುಂಗಿಸಿ ಕರುಳಿನ ಚೂರು ತೆಗೆಯಬೇಕಿತ್ತು. ಆಮೇಲೆ ಬಂದ, ಗ್ಲುಟೆನ್‌ನ ಭಾಗವಾದ ಗ್ಲಯಾಡಿನ್ ವಿರುದ್ಧದ ಪ್ರತಿಕಾಯದ ರಕ್ತಪರೀಕ್ಷೆ ಆರೋಗ್ಯವಂತರನ್ನೂ ರೋಗಿಗಳೆಂದು ತೋರಿಸಿ ಗೊಂದಲವೆಬ್ಬಿಸಿತು.

1980ರ ದಶಕದಲ್ಲಿ ಪೋಲೆಂಡಿನ ಚೋರ್ಜೆಲ್ಸ್ಕಿ ತಂಡದ ಎಂಡೊಮೈಸಿಯಲ್ ಪರೀಕ್ಷೆ ಬಂತು. ಕೋತಿಯ ಅನ್ನನಾಳದ ತೆಳು ಪದರದ ಮೇಲೆ ರೋಗಿಯ ರಕ್ತದ ಸೀರಂ ಹಾಕಿ, ಸೂಕ್ಷ್ಮದರ್ಶಕದಲ್ಲಿ ಹಸಿರು ಹೊಳಪಿನ ಬಲೆ ಕಾಣುತ್ತದೆಯೇ ಎಂದು ನೋಡಬೇಕು. ಬಹಳ ನಿಖರ, ಆದರೆ ನೋಡುವ ಕಣ್ಣು ಪಳಗಿರಬೇಕು. 1997ರಲ್ಲಿ ಜರ್ಮನಿಯ ಡೀಟರಿಕ್ ಮತ್ತು ಶುಪ್ಪಾನ್ ಆ ಪ್ರತಿಕಾಯಗಳ ಗುರಿ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವವೆಂದು ಪತ್ತೆಹಚ್ಚಿದರು. ಇಡೀ ಕತೆಯ ತಿರುವು ಇದೇ ಎಂದು ನಾನು ನಂಬುತ್ತೇನೆ. ಅಂದಿನಿಂದ ಯಂತ್ರವೇ ಅಳೆದು ಅಂಕಿ ಕೊಡುವಂತಾಯಿತು. ಇಂದಿನ ವರದಿಗಳ ‘ಟಿಟಿಜಿ ಐಜಿಎ’ ಅದೇ. 2012ರ ಯುರೋಪಿನ ಮಾರ್ಗಸೂಚಿ, ಈ ಅಂಕಿ ಮಿತಿಯ ಹತ್ತು ಪಟ್ಟು ದಾಟಿದ ಕೆಲ ಮಕ್ಕಳಿಗೆ ಕರುಳಿನ ಚೂರು ತೆಗೆಯುವುದನ್ನೂ ಬಿಡಬಹುದೆಂದಿತು.

ಭಾರತದಲ್ಲಿ ಮೂರು ಪ್ರದೇಶಗಳ 23,331 ಆರೋಗ್ಯವಂತ ವಯಸ್ಕರ ರಕ್ತ ನೋಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಪ್ರತಿಕಾಯ ಉತ್ತರದಲ್ಲಿ ಶೇ. 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ ಬರೀ 0.10. ಕಾಯಿಲೆಗೆ ದಾರಿಮಾಡುವ ವಂಶವಾಹಿಗಳು ಮಾತ್ರ ಮೂರೂ ಕಡೆ ಹೆಚ್ಚುಕಡಿಮೆ ಒಂದೇ. ಗೋಧಿಯ ಬಳಕೆಯಲ್ಲಿ ಅಜಗಜಾಂತರ: ದಿನಕ್ಕೆ ಉತ್ತರದವರು ಸರಾಸರಿ 455 ಗ್ರಾಂ, ದಕ್ಷಿಣದವರು 25 ಗ್ರಾಂ. ನಮ್ಮ ಅಜ್ಜಿಯರ ಮುದ್ದೆ ನಮ್ಮನ್ನು ಕಾದಿರಬಹುದು. ತಟ್ಟೆಗೆ ಗೋಧಿ ಹೆಚ್ಚಿದಂತೆ ಆ 0.10 ಎಲ್ಲಿಗೆ ಏರೀತು ಎಂಬ ಕಳವಳ ನನಗಿದೆ.

ಪರೀಕ್ಷೆಗೆ ಮುಂಚೆ ಯಾರದೋ ಮಾತು ಕೇಳಿ ಗೋಧಿ ಬಿಟ್ಟುಬಿಡಬೇಡಿ. ಬಿಟ್ಟರೆ ಪ್ರತಿಕಾಯ ಇಳಿದು, ಕಾಯಿಲೆ ಇದ್ದರೂ ವರದಿ ‘ಇಲ್ಲ’ ಎನ್ನಬಹುದು. ಹುಟ್ಟಿನಿಂದಲೇ ಐಜಿಎ ಬಗೆಯ ಪ್ರತಿಕಾಯ ಕಡಿಮೆ ಇರುವವರಲ್ಲೂ ಹೀಗಾಗುತ್ತದೆ, ಅದನ್ನೂ ಜೊತೆಗೇ ಅಳೆಸಬೇಕು.

ಕಾಯಿಲೆ ಖಚಿತವಾದವರಿಗೆ ರಾಗಿ, ಸಾವೆ, ನವಣೆ, ಜೋಳ ಯಾವುದಕ್ಕೂ ತಡೆಯಿಲ್ಲ, ಅವುಗಳಲ್ಲಿ ಗ್ಲುಟೆನ್ ಇಲ್ಲ. ಪಥ್ಯ ಹಿಡಿದರೆ ತಿಂಗಳುಗಳಲ್ಲಿ ಅಂಕಿ ಇಳಿಯುತ್ತದೆ. ಇಳಿಯದಿದ್ದರೆ ಊರಿನ ಹಿಟ್ಟಿನ ಗಿರಣಿಯತ್ತ ನೋಡಬೇಕು: ಹಿಂದಿನವರ ಗೋಧಿ ಬೀಸಿದ ಕಲ್ಲಿನಲ್ಲೇ ನಮ್ಮ ರಾಗಿ ಬೀಸುತ್ತಾರೆ. ಒಗ್ಗರಣೆಯ ಇಂಗಿನ ಡಬ್ಬಿಯ ಹಿಂದಿನ ಸಣ್ಣ ಅಕ್ಷರವನ್ನೂ ಓದಬೇಕು. ಎಷ್ಟೋ ಇಂಗಿಗೆ ಗೋಧಿಹಿಟ್ಟು ಬೆರೆಸಿರುತ್ತಾರೆ.