ಮತ್ತು ಇತರೆ ಇಷ್ಟು ಮಂದಿ

ಪ್ರತಿ ವರ್ಷ ಸೆಪ್ಟೆಂಬರ್ 23 ಹತ್ತಿರ ಬಂದ ಹಾಗೆ ವಾಟ್ಸಾಪ್‌ನಲ್ಲಿ ಒಂದು ಫಾರ್ವರ್ಡ್ ಓಡಾಡೋಕೆ ಶುರುವಾಗುತ್ತೆ. ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಏರಿ, ಭರ್ಜಿ ಹಿಡಿದು ಹೈಫಾ ನಗರ ಗೆದ್ದ ಕತೆ. ಆಫೀಸ್ ಗ್ರೂಪಿಗೂ ಬರುತ್ತೆ, ಊರಿನ ಗ್ರೂಪಿಗೂ ಬರುತ್ತೆ. ಓದಿದರೆ ಎದೆ ಉಬ್ಬುತ್ತೆ, ಸುಳ್ಳು ಯಾಕೆ ಹೇಳಲಿ. ಆದರೆ ಆ ಕತೆ ಹಂಚುವಾಗ ಎರಡು ತಪ್ಪುಗಳೂ ಜೊತೆಗೇ ಹಂಚಿಕೆಯಾಗುತ್ತವೆ.

ಮೊದಲನೆಯದು, ಅಂದು ಹೈಫಾದಲ್ಲಿ 900 ಭಾರತೀಯರು ಪ್ರಾಣ ಕೊಟ್ಟರು ಅನ್ನೋದು. 1918ರ ಆ ದಿನದ ದಾಳಿಯಲ್ಲಿ ಸತ್ತವರು 8 ಜನ, ಗಾಯಗೊಂಡವರು 34. ಇವತ್ತಿನ ಇಸ್ರೇಲ್‌ನ ಬೇರೆ ಬೇರೆ ಸ್ಮಶಾನಗಳಲ್ಲಿ ನೆನಪು ಉಳಿದಿರುವ ಭಾರತೀಯ ಸೈನಿಕರ ಒಟ್ಟು ಲೆಕ್ಕ ಸುಮಾರು 900. ಇಡೀ ಯುದ್ಧದ ಲೆಕ್ಕವನ್ನು ಯಾರೋ ಒಂದೇ ದಿನಕ್ಕೆ ತಂದು ಸೇರಿಸಿಬಿಟ್ಟಿದ್ದಾರೆ. ಎರಡನೆಯದು, ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಹೈಫಾ ಗೆದ್ದ ಮೂರು ದಳಗಳದ್ದು ಅನ್ನೋದು. ದಾಳಿ ಮಾಡಿದ್ದು ಜೋಧಪುರ ಮತ್ತು ಮೈಸೂರಿನ ಸವಾರರು. ಅದೇ ಬ್ರಿಗೇಡಿನ ಹೈದರಾಬಾದ್ ಲ್ಯಾನ್ಸರ್ಸ್ ಆ ದಾಳಿಯಲ್ಲಿ ಇರಲಿಲ್ಲ. 1922ರಲ್ಲಿ ಎದ್ದ ಆ ಸ್ಮಾರಕ ಸಿನಾಯ್, ಪ್ಯಾಲೆಸ್ಟೈನ್, ಸಿರಿಯಾಗಳಲ್ಲಿ ವರ್ಷಗಟ್ಟಲೆ ನಡೆದ ಹೋರಾಟದಲ್ಲಿ ಸತ್ತ ಎಲ್ಲರಿಗೂ ಸೇರಿದ್ದು.

'ಅಷ್ಟು ಸಣ್ಣ ವಿಷಯಕ್ಕೆ ಯಾಕಪ್ಪಾ ತಕರಾರು' ಅಂತ ಸ್ನೇಹಿತರು ಕೇಳ್ತಾರೆ. ಕಾರ್ಮೆಲ್ ಬೆಟ್ಟ ಹತ್ತಿ ಮೆಷಿನ್ ಗನ್ನುಗಳ ಮೇಲೆ ಬಿದ್ದವರ ಧೈರ್ಯ ಈ ತಿದ್ದುಪಡಿಯಿಂದ ಗುಲಗಂಜಿಯಷ್ಟೂ ಕಮ್ಮಿಯಾಗಲ್ಲ. ಆದರೆ 8 ಅನ್ನೋದನ್ನ 900 ಮಾಡಿದಾಗ ಆ ಎಂಟು ಜನ ಯಾರು ಅಂತ ಕೇಳೋ ಮನಸ್ಸೇ ಹೋಗುತ್ತೆ. ಎಲ್ಲವನ್ನೂ ಒಂದೇ ಮಧ್ಯಾಹ್ನಕ್ಕೆ ಕಟ್ಟಿಹಾಕಿದಾಗ ಸೂಯೆಜ್ ಕಾಲುವೆ ಕಾಯುತ್ತಾ, ಮರಳುಗಾಡಿನಲ್ಲಿ ಕಾಯಿಲೆ ಬಿದ್ದು ಸತ್ತವನು ಕತೆಯಿಂದಲೇ ಹೊರಗಾಗ್ತಾನೆ.

ಇದು ನಾವು ಅಭಿಮಾನದಿಂದ ಮಾಡೋ ತಪ್ಪು. ಸರ್ಕಾರವೇ ಕಲ್ಲಿನಲ್ಲಿ ಕೆತ್ತಿಸಿದ ತಪ್ಪು ಇನ್ನೊಂದಿದೆ. ಅದನ್ನು ನೋಡೋಕೆ ಇರಾಕಿನ ಬಸ್ರಾಗೆ ಹೋಗಬೇಕು.

ಮೊದಲ ಮಹಾಯುದ್ಧಕ್ಕೆ ಭಾರತದಿಂದ ಹೋದವರು 13 ಲಕ್ಷಕ್ಕೂ ಹೆಚ್ಚು, ಸತ್ತವರು ಸುಮಾರು 74 ಸಾವಿರ. ಅವರಲ್ಲಿ ಅತಿ ಹೆಚ್ಚು ಜನರನ್ನು ಕಳಿಸಿದ್ದು ಮೆಸೊಪೊಟೇಮಿಯಾಕ್ಕೆ, ಅಂದರೆ ಈಗಿನ ಇರಾಕಿಗೆ. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಕೂಡ ಅಲ್ಲಿ ದುಡಿದರು. ಅಲ್ಲಿ ಸತ್ತು, ಗೋರಿ ಸಿಗದ 40,500ಕ್ಕೂ ಹೆಚ್ಚು ಜನರಿಗೆ 1929ರಲ್ಲಿ ಬಸ್ರಾ ಸ್ಮಾರಕ ಕಟ್ಟಿದರು. ಬ್ರಿಟಿಷ್ ಸೈನಿಕರದ್ದು ಸಾಮಾನ್ಯ ಸಿಪಾಯಿಯವರೆಗೆ ಒಬ್ಬೊಬ್ಬರ ಹೆಸರೂ ಅಲ್ಲಿದೆ. ಭಾರತೀಯರದ್ದು ಮಾತ್ರ ಬೇರೆ. ರೆಜಿಮೆಂಟಿನ ಹೆಸರು, ಅದರ ಕೆಳಗೆ ಅಧಿಕಾರಿಗಳ ಹೆಸರು, ಆಮೇಲೆ 'ಮತ್ತು ಇತರೆ ಇಷ್ಟು ಮಂದಿ' ಅನ್ನುವ ರೀತಿಯಲ್ಲಿ ಒಂದು ಅಂಕಿ. ಮುಗೀತು.

ನಮ್ಮ ಕಸುಬಿನ ಭಾಷೆಯಲ್ಲಿ ಹೇಳಬೇಕಂದ್ರೆ, ಒಂದೊಂದು ರೋ ತೋರಿಸಬೇಕಾದ ಕಡೆ ಬರೀ ಕೌಂಟ್ ತೋರಿಸಿ ಕೈ ತೊಳ್ಕೊಂಡರು. ಡೇಟಾ ಇರಲಿಲ್ಲ ಅನ್ನೋ ನೆಪ ಪೂರ್ತಿ ನಿಲ್ಲಲ್ಲ. ಫ್ರಾನ್ಸಿನ ನ್ಯೂವ್ ಶಪೆಲ್‌ನಲ್ಲಿ ಇದೇ ಸೇನೆಯ, ಇದೇ ಯುದ್ಧದ 4,700ಕ್ಕೂ ಹೆಚ್ಚು ಭಾರತೀಯರ ಸ್ಮಾರಕ 1927ರಲ್ಲೇ ಎದ್ದಿತ್ತು. ಅಲ್ಲಿ ಸಿಪಾಯಿಗೂ ಹೆಸರಿದೆ. ಯುರೋಪಿನಲ್ಲಿ ಸತ್ತವನಿಗೆ ಹೆಸರು, ಏಷ್ಯಾದಲ್ಲಿ ಸತ್ತವನಿಗೆ ಅಂಕಿ.

ವಿಚಿತ್ರ ಏನಂದ್ರೆ, ಈ ಸ್ಮಾರಕಗಳನ್ನು ಕಟ್ಟಿದ ಸಂಸ್ಥೆಯ ಮೂಲ ನಿಯಮವೇ ಸಮಾನತೆ. 1917ರಲ್ಲಿ ಫೇಬಿಯನ್ ವೇರ್ ಎಂಬಾತನ ಹಟದಿಂದ ಹುಟ್ಟಿದ ಇಂಪೀರಿಯಲ್ ವಾರ್ ಗ್ರೇವ್ಸ್ ಕಮಿಷನ್, ಜನರಲ್ ಆಗಲಿ ಸಿಪಾಯಿ ಆಗಲಿ ಒಂದೇ ಅಳತೆಯ ಕಲ್ಲು, ಪ್ರತಿಯೊಬ್ಬನಿಗೂ ಹೆಸರು ಅಂತ ಮಾತು ಕೊಟ್ಟಿತ್ತು. ಶ್ರೀಮಂತರು ತಮ್ಮ ಮಗನ ಶವವನ್ನು ಊರಿಗೆ ತರೋಕೂ ಬಿಡಲಿಲ್ಲ. ಅಷ್ಟು ಕಟ್ಟುನಿಟ್ಟು. ಆದರೆ ಆಫ್ರಿಕಾ, ಏಷ್ಯಾದ ವಿಷಯ ಬಂದಾಗ ಆ ಮಾತು ಸಡಿಲವಾಯಿತು. 1923ರಲ್ಲಿ ಗೋಲ್ಡ್ ಕೋಸ್ಟಿನ ಗವರ್ನರ್, ಅಲ್ಲಿನ ಸ್ಥಳೀಯರಿಗೆ ಗೋರಿಕಲ್ಲಿನ ಬೆಲೆಯೇ ಗೊತ್ತಾಗಲ್ಲ ಎಂಬರ್ಥದ ಮಾತಾಡಿದ. ಆ ಮಾತು ಒಪ್ಪಿಗೆಯೂ ಆಯಿತು.

ಇದನ್ನು ಆ ಸಂಸ್ಥೆಯೇ ಒಪ್ಪಿಕೊಳ್ಳೋಕೆ ಸುಮಾರು ನೂರು ವರ್ಷ ಬೇಕಾಯಿತು. ಈಗ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತ ಕರೆಸಿಕೊಳ್ಳುವ ಅದು 2021ರ ಏಪ್ರಿಲ್‌ನಲ್ಲಿ ಒಂದು ವರದಿ ಹೊರತಂದಿತು. ಭಾರತೀಯರೂ ಸೇರಿದಂತೆ 45 ಸಾವಿರದಿಂದ 54 ಸಾವಿರ ಮಂದಿಯನ್ನು ಅಸಮಾನವಾಗಿ ಸ್ಮರಿಸಲಾಗಿದೆ. ಇನ್ನೂ ಕನಿಷ್ಠ 1 ಲಕ್ಷ 16 ಸಾವಿರ ಮಂದಿಗೆ ಹೆಸರಿನ ಸ್ಮರಣೆ ಇಲ್ಲ, ಅಥವಾ ಸ್ಮರಣೆಯೇ ಇಲ್ಲ. ಆ ಸಂಖ್ಯೆ ಮೂರೂವರೆ ಲಕ್ಷ ಮುಟ್ಟಿದರೂ ಮುಟ್ಟಬಹುದು. ಬ್ರಿಟನ್ನಿನ ರಕ್ಷಣಾ ಸಚಿವರು ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ಕ್ಷಮೆ ಕೇಳೋದು ಒಂದು ದಿನದ ಕೆಲಸ. ತಿದ್ದೋದು ಎಷ್ಟು ಕಷ್ಟ ಅನ್ನೋಕೆ ರಡ್ಯಾರ್ಡ್ ಕಿಪ್ಲಿಂಗ್ ಮಗನ ಉದಾಹರಣೆ ನೋಡಿ. ಜಾನ್ ಕಿಪ್ಲಿಂಗ್ 1915ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಲೂಸ್ ಕದನದಲ್ಲಿ ಕಾಣೆಯಾದ, ಶವ ಸಿಗಲಿಲ್ಲ. ಅಪ್ಪ ಇದೇ ಕಮಿಷನ್ನಿನಲ್ಲಿ ಕೂತು ಸ್ಮಾರಕಗಳ ಮೇಲೆ ಏನು ಬರೆಯಬೇಕು ಅಂತ ತೀರ್ಮಾನಿಸುತ್ತಿದ್ದ. ಗುರುತು ಸಿಗದವರ ಗೋರಿಯ ಮೇಲಿನ ಸಾಲನ್ನು ಆರಿಸಿದ್ದೂ ಅವನೇ. ಆದರೂ ಮಗನ ಗೋರಿ ಯಾವುದು ಅಂತ ತಿಳಿಯದೆಯೇ 1936ರಲ್ಲಿ ತೀರಿಕೊಂಡ. ಐರಿಶ್ ಗಾರ್ಡ್ಸ್‌ನ ಹೆಸರಿಲ್ಲದ ಲೆಫ್ಟಿನೆಂಟ್ ಒಬ್ಬನ ಗೋರಿ ಜಾನನದ್ದೇ ಅಂತ ಕಮಿಷನ್ ಹೆಸರು ಹಾಕಿದ್ದು 1992ರಲ್ಲಿ, 77 ವರ್ಷದ ಮೇಲೆ. ಅದೂ ತಪ್ಪು ಅಂತ ವಾದಿಸಿ ಪುಸ್ತಕ ಬಂತು. ಮತ್ತೆ ದಾಖಲೆ ಕೆದಕಿ, 2016ರಲ್ಲಿ ಹೊಸ ಸಂಶೋಧನೆಯ ನಂತರ ಆ ಹೆಸರೇ ಗಟ್ಟಿಯಾಯಿತು. ಲೋಕವೇ ಬಲ್ಲ ಸಾಹಿತಿಯ ಮಗನಿಗೆ ಇಷ್ಟು ಕಾಲ. ಬಸ್ರಾದ 'ಇತರೆ ಇಷ್ಟು ಮಂದಿ'ಗೆ ಪುಸ್ತಕ ಬರೆದು ಜಗಳ ಆಡೋರು ಯಾರು?

ಆ ಸಿಪಾಯಿಗಳ ಹೆಸರು ಪೂರಾ ಕಳೆದುಹೋಗಿಲ್ಲ ಅನ್ನೋದೇ ಸಮಾಧಾನ. ಬಸ್ರಾದ ಹೆಸರುಗಳನ್ನು ಆಮೇಲೆ ದೊಡ್ಡ ಪುಸ್ತಕಗಳಲ್ಲಿ ಸೇರಿಸಿದ್ದಾರೆ, ಕಮಿಷನ್ನಿನ ಡೇಟಾಬೇಸ್‌ನಲ್ಲಿ ಯಾರು ಬೇಕಾದರೂ ಹುಡುಕಬಹುದು. ಎಷ್ಟೋ ಕಡೆ ಅಪ್ಪನ ಹೆಸರು, ಊರು, ಜಿಲ್ಲೆಯೂ ಇದೆ. ಆದರೆ ಬರೆದವರು ಇಂಗ್ಲಿಷ್ ಕಿವಿಯ ಗುಮಾಸ್ತರು. ಮುನಿಸ್ವಾಮಿ ಒಂದು ಕಡೆ ಮುನಿಸಾಮಿ, ಇನ್ನೊಂದು ಕಡೆ ಮೂನಸಾಮಿ ಆದರೆ ಆಶ್ಚರ್ಯ ಇಲ್ಲ. ನನ್ನ ಹೆಸರೇ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಥರ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಥರ ಇದೆ. ಬದುಕಿರೋ ನಾನು ಅಫಿಡವಿಟ್ ಮಾಡಿಸಿ ಸರಿ ಮಾಡ್ಕೋಬಹುದು. ಸತ್ತವನ ಪರವಾಗಿ ಬೇರೆ ಯಾರಾದರೂ ಓಡಾಡಬೇಕು.

ಓಡಾಡೋಕೆ ದಾರಿ ಇದೆ. ದಾಖಲೆಯಲ್ಲಿ ತಪ್ಪು ಕಂಡರೆ ಯಾರು ಬೇಕಾದರೂ ಕಮಿಷನ್ನಿಗೆ ಬರೆಯಬಹುದು. ಪಟ್ಟಿಯಲ್ಲೇ ಇಲ್ಲದವರ ಹೆಸರನ್ನೂ ಕಳಿಸಬಹುದು. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರೊಳಗೆ ಸೇವೆಯಲ್ಲಿದ್ದಾಗ ಅಥವಾ ಸೇವೆಯಲ್ಲಿ ಆದ ಗಾಯ, ಕಾಯಿಲೆಯಿಂದ ಸತ್ತಿದ್ದಕ್ಕೆ ಆ ಕಾಲದ ಕಾಗದ ತೋರಿಸಬೇಕು. 'ನಮ್ಮಜ್ಜಿ ಹೇಳ್ತಿದ್ರು' ಅನ್ನೋದು ಸಾಲದು. ಬ್ರಿಟನ್ನಿನಲ್ಲಿ ಹವ್ಯಾಸಿಗಳೇ ಗುಂಪು ಕಟ್ಟಿಕೊಂಡು, ಸಾವಿನ ನೋಂದಣಿ ಪುಸ್ತಕ ತಿರುವಿ ಹಾಕಿ, ಬಿಟ್ಟುಹೋದ ಸಾವಿರಾರು ಹೆಸರು ಹೀಗೇ ಸೇರಿಸಿದ್ದಾರೆ. ಲಾಹೋರ್ ಮ್ಯೂಸಿಯಂನಲ್ಲಿ ಧೂಳು ತಿನ್ನುತ್ತಿದ್ದ ಪಂಜಾಬಿನ 3 ಲಕ್ಷ 20 ಸಾವಿರ ಸೈನಿಕರ ರಿಜಿಸ್ಟರುಗಳನ್ನು ಹಳ್ಳಿವಾರು ಡಿಜಿಟಲ್ ಮಾಡುವ ಕೆಲಸ ನಡೆದು, 2021ರಲ್ಲಿ ಮೊದಲ ಮೂರು ಜಿಲ್ಲೆಗಳದ್ದು ಎಲ್ಲರಿಗೂ ಸಿಕ್ಕಿತು. ತನ್ನ ಮುತ್ತಾತನ ಊರಿನ ಪುಟ ತೆರೆದು ನೋಡೋದು ಈಗ ಅಲ್ಲಿನವರಿಗೆ ಸಾಧ್ಯ.

ನಮ್ಮ ಕಡೆಯೂ ಕಾಗದ, ಕಂಚು ಉಳಿದಿರಬಹುದು. ಯುದ್ಧ ಮುಗಿದ ಮೇಲೆ ಸತ್ತವರ ಮನೆಗಳಿಗೆ ಅಂಗೈಯಗಲದ ಒಂದು ಕಂಚಿನ ಬಿಲ್ಲೆ ಕಳಿಸುತ್ತಿದ್ದರು. ಭಾರತೀಯರ ಮನೆಗಳಿಗೂ ಬಂತು. ಅದರಲ್ಲಿ ಸಿಂಹ, ಬ್ರಿಟಾನಿಯಾ ದೇವಿ, ಪಕ್ಕದಲ್ಲಿ ಸತ್ತವನ ಹೆಸರು. ಎಲ್ಲರ ತ್ಯಾಗವೂ ಸಮ ಅಂತ ಹುದ್ದೆ ಹಾಕಲಿಲ್ಲ. ಬಸ್ರಾದ ಕಲ್ಲು ಕೊಡದ ಹೆಸರನ್ನು ಆ ಬಿಲ್ಲೆ ಕೊಟ್ಟಿತ್ತು. ಯಾವುದೋ ಹಳ್ಳಿಮನೆಯ ಟ್ರಂಕಿನ ತಳದಲ್ಲಿ ಅಂಥದ್ದೊಂದು ಇದ್ದರೂ ಇರಬಹುದು, ಗುಜರಿಯವನ ತಕ್ಕಡಿಗೆ ಹೋಗಿದ್ದರೂ ಹೋಗಿರಬಹುದು.

ಹಾಗಾಗಿ ಈ ಸಲ ಸೆಪ್ಟೆಂಬರ್ 23ಕ್ಕೆ ಫಾರ್ವರ್ಡ್ ಬಂದರೆ, ದಬ್ಬೋಕೆ ಮುಂಚೆ ಒಂದು ಸಣ್ಣ ಕೆಲಸ ಮಾಡಿ. ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ, ಹೋಗಿ ಬನ್ನಿ. ಊರಿಗೆ ಹೋದಾಗ ಹಿರಿಯರನ್ನು ಕೇಳಿ, 'ನಮ್ಮೋರು ಯಾರಾದ್ರೂ ಆ ಲಡಾಯಿಗೆ ಹೋಗಿದ್ರಾ?' ಅಂತ. ಒಂದು ಹೆಸರು ಸಿಕ್ಕರೆ ಮೊದಲು ಅದನ್ನು ಸರಿಯಾಗಿ ಬರೆದುಕೊಳ್ಳಿ, ಅಪ್ಪನ ಹೆಸರು, ಊರಿನ ಹೆಸರಿನ ಸಮೇತ.